ಹೀಟರ್ ಹಾಕಿದರೆ ಎಂಸಿಬಿ ಬೀಳುತ್ತದೆ, ಪ್ಲಗ್ ಸುಡುತ್ತದೆ: ಪುಣೆಯ ಚಳಿಗೊಂದು ದೋಷ ನಿವಾರಣೆ ಕೈಪಿಡಿ

ಪುಣೆಯಲ್ಲಿ ಫ್ಲ್ಯಾಟಿನ ವೈರಿಂಗ್ ಮಾಡುವವರ ತಲೆಯಲ್ಲಿ ಗೀಸರ್ ಇರುತ್ತದೆ, ಏಸಿ ಇರುತ್ತದೆ, ಮೈಕ್ರೋವೇವ್ ಇರುತ್ತದೆ. ರೂಮ್ ಹೀಟರ್ ಇರುವುದಿಲ್ಲ. ವರ್ಷಕ್ಕೆ ಕೆಲವೇ ವಾರದ ಚಳಿಗೆ ಪಾಯಿಂಟ್ ಕೊಡುವವರು ಯಾರು? ಆದರೆ ಡಿಸೆಂಬರ್, ಜನವರಿಯಲ್ಲಿ ಪಾಷಾಣ್, ಶಿವಾಜಿನಗರದ ಕಡೆ ಬೆಳಗಿನ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋದ ದಿನ ಅಟ್ಟದ ಮೇಲಿದ್ದ ಹೀಟರ್ ಕೆಳಗಿಳಿಯುತ್ತದೆ, ಮಂಚದ ಪಕ್ಕದ ಚಿಕ್ಕ ಪ್ಲಗ್ ಪಾಯಿಂಟಿಗೆ ಹೇಗೋ ಸೇರಿಕೊಳ್ಳುತ್ತದೆ. ತೊಂದರೆ ಇರುವುದು ಆ "ಹೇಗೋ"ದಲ್ಲಿ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್, ಬಿದ್ದರೆ ಜನ ಗಾಬರಿಯಾಗುತ್ತಾರೆ. ನಿಜಕ್ಕೂ ಗಾಬರಿಯಾಗಬೇಕಾದದ್ದು ಅದು ಬೀಳದೆ, ಪ್ಲಗ್ ಮಾತ್ರ ಒಳಗೊಳಗೇ ಸುಡುತ್ತಿರುವಾಗ. ಬಿದ್ದ ಎಂಸಿಬಿ ತನ್ನ ಕೆಲಸ ಮಾಡಿದೆ. ಸುಡುವ ಪ್ಲಗ್ ಅದರ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಮನೆಯಲ್ಲಿ ಈಗ ಸುಟ್ಟ ವಾಸನೆಯೋ ಮುಟ್ಟಲಾರದಷ್ಟು ಬಿಸಿಯ ಪ್ಲಗ್ಗೋ ಇದ್ದರೆ ಮೊದಲು ಡಿಬಿಯಲ್ಲಿ, ಅಂದರೆ ಮನೆಯ ಎಂಸಿಬಿಗಳೆಲ್ಲ ಕೂತಿರುವ ಪೆಟ್ಟಿಗೆಯಲ್ಲಿ, ಆ ಕೋಣೆಯ ಎಂಸಿಬಿ ಇಳಿಸಿ, ಆಮೇಲೆ ಮುಂದೆ ಓದಿ.

ಏನನ್ನೂ ಬಿಚ್ಚುವ ಮೊದಲು: ಎರಡು ಓದು, ಒಂದು ಭಾಗಾಕಾರ

ಹೀಟರಿನ ಬೆನ್ನಿನಲ್ಲೋ ತಳದಲ್ಲೋ ಒಂದು ಪಟ್ಟಿ ಅಂಟಿಸಿರುತ್ತದೆ. ಅದರಲ್ಲಿರುವ ವಾಟ್ ಅಂಕಿಯನ್ನು 230ರಿಂದ ಭಾಗಿಸಿ, ಬಂದದ್ದು ಆಂಪ್. 400 ವಾಟಿನ ಒಂದೇ ರಾಡ್ ಉರಿದರೆ 1.7 ಆಂಪ್. 800 ವಾಟಿನ ಎರಡು ರಾಡಿನ ಹ್ಯಾಲೊಜನ್ 3.5. ಬ್ಲೋವರ್ ಹೀಟರ್ 1000ಕ್ಕಿಟ್ಟರೆ 4.3, 2000ಕ್ಕಿಟ್ಟರೆ 8.7. ಎಣ್ಣೆ ತುಂಬಿದ ದೊಡ್ಡ ಹೀಟರ್, ಅಂದರೆ ಓಎಫ್‌ಆರ್, 2500 ವಾಟಿನದಾದರೆ ಸುಮಾರು 11 ಆಂಪ್.

ಇನ್ನು ಗೋಡೆಯ ಕಡೆ. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ 6 ಆಂಪಿನದು. 1380 ವಾಟ್ ಅದರ ಗರಿಷ್ಠ ಮಿತಿ, ಗಂಟೆಗಟ್ಟಲೆ ಓಡಿಸುವುದಾದರೆ 1000 ವಾಟಿಗೇ ನಿಲ್ಲಿಸುವುದು ಜಾಣತನ. ದೊಡ್ಡ ತೂತಿನದು 16 ಆಂಪಿನದು. ಎರಡರ ಪ್ಲಗ್ಗನ್ನೂ ಪಕ್ಕಪಕ್ಕ ಹಿಡಿದು ನೋಡಿ: ಚಿಕ್ಕದರ ಪಿನ್ ಸುಮಾರು 5 ಮಿಲಿಮೀಟರ್ ದಪ್ಪ, ದೊಡ್ಡದರದು 7. ಹೀಟರ್ ಮಾಡಿದವರು ದಪ್ಪ ಪಿನ್ ಕೊಟ್ಟಿದ್ದಾರೆ ಎಂದರೆ "ನನ್ನನ್ನು ಚಿಕ್ಕ ತೂತಿಗೆ ಹಾಕಬೇಡಿ" ಎಂದು ಹಿತ್ತಾಳೆಯಲ್ಲೇ ಕೆತ್ತಿಟ್ಟಂತೆ. ಅದನ್ನು ಮೀರಲು ಅಂಗಡಿಯಲ್ಲಿ ಸಿಗುವ ಕನ್ವರ್ಟರ್ ಪ್ಲಗ್, ಈ ಕೈಪಿಡಿಯ ಅರ್ಧ ದೋಷಗಳ ತಾಯಿಬೇರು.

ಡಿಬಿ ಬಾಕ್ಸಿನ ಹೊರಬಾಗಿಲು ಮಾತ್ರ ತೆರೆದು ಪ್ರತಿ ಎಂಸಿಬಿಯ ಮೇಲೆ ಏನು ಬರೆದಿದೆ ನೋಡಿ: ಸಿ10, ಸಿ16, ಬಿ10 ಎಂದಿರುತ್ತದೆ. ಅಂಕಿಯೇ ಆಂಪ್. ಇವುಗಳ ಪಕ್ಕದಲ್ಲಿ 'ಟಿ' ಎಂಬ ಗುಂಡಿ ಇರುವ ಅಗಲವಾದ ಸ್ವಿಚ್ ಆರ್‌ಸಿಸಿಬಿ, ಕರೆಂಟ್ ಸೋರಿದರೆ ಬೀಳುವಂಥದು. ಅದರ ಮೇಲೆ 30 ಮಿಲಿ ಆಂಪ್ ಅಥವಾ 0.03 ಎಂದಿರುತ್ತದೆ. ಬಿದ್ದದ್ದು ಇವೆರಡರಲ್ಲಿ ಯಾವುದು ಎಂಬುದೇ ಅರ್ಧ ಉತ್ತರ. ವಾಯರ್‌ಮನ್‌ಗೆ ಫೋನ್ ಮಾಡಿ "ಲೈಟ್ ಹೋಯಿತು" ಎನ್ನುವ ಬದಲು "ಸಿ10 ಬಿತ್ತು" ಎಂದರೆ ಅವನು ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ.

ಹಾಕಿ ಸ್ವಲ್ಪ ಹೊತ್ತಾದ ಮೇಲೆ ಎಂಸಿಬಿ ಬೀಳುತ್ತದೆ

ಐದು ನಿಮಿಷ, ಇಪ್ಪತ್ತು ನಿಮಿಷ, ಕೆಲವೊಮ್ಮೆ ಮುಕ್ಕಾಲು ಗಂಟೆ. ಹೀಗೆ ತಡವಾಗಿ ಬಿದ್ದರೆ ಅದು ಓವರ್‌ಲೋಡ್, ಶಾರ್ಟ್ ಅಲ್ಲ. ಎಂಸಿಬಿಯೊಳಗೆ ಎರಡು ಲೋಹದ ಪಟ್ಟಿಯೊಂದು ಬಿಸಿಗೆ ನಿಧಾನವಾಗಿ ಬಾಗುತ್ತದೆ. ತನ್ನ ಅಂಕಿಯ 1.13 ಪಟ್ಟಿನ ತನಕ ಅದು ಒಂದು ಗಂಟೆಯಾದರೂ ಬೀಳಕೂಡದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 10 ಆಂಪಿನ ಎಂಸಿಬಿಯ ಮೇಲೆ 2000 ವಾಟಿನ ಹೀಟರೂ 1000 ವಾಟಿನ ಇಸ್ತ್ರಿಪೆಟ್ಟಿಗೆಯೂ ಕೂತರೆ 13 ಆಂಪ್. ಇದು ಎರಡರ ನಡುವಿನದು, ಆದ್ದರಿಂದ ಒಂದು ದಿನ ಬೀಳುತ್ತದೆ, ಇನ್ನೊಂದು ದಿನ ಇಲ್ಲ. "ನಿನ್ನೆ ಇದೇ ಹೀಟರ್ ರಾತ್ರಿಯೆಲ್ಲ ಓಡಿತ್ತಲ್ಲ" ಎಂಬ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಪರೀಕ್ಷೆಗೆ ಕಾಸು ಬೇಡ. ಬಿದ್ದ ಎಂಸಿಬಿಯನ್ನು ಹಾಗೇ ಬಿಟ್ಟು ಮನೆಯಲ್ಲೊಂದು ಸುತ್ತು ಹಾಕಿ, ಯಾವ ಯಾವ ದೀಪ, ಫ್ಯಾನ್, ಪ್ಲಗ್ ಸತ್ತಿವೆ ಎಂದು ಬರೆದುಕೊಳ್ಳಿ. ಅಷ್ಟೂ ಒಂದೇ ದಾರಿಯ, ಅಂದರೆ ಒಂದೇ ಸರ್ಕ್ಯೂಟಿನ ಮೇಲಿವೆ. ಬೆಡ್‌ರೂಮಿನ ಪ್ಲಗ್ಗೂ ಪಕ್ಕದ ಬಾತ್‌ರೂಮಿನ ಗೀಸರೂ ಒಂದೇ ಎಂಸಿಬಿಯ ಕೆಳಗಿರುವ ಮನೆಗಳು ಉಂಟು. ಬೆಳಿಗ್ಗೆ ಆರೂವರೆಗೆ ಹೀಟರ್ 8.7, ಗೀಸರ್ 8.7, ಜೊತೆಗೆ ಚಹಾದ ಕೆಟಲ್ 6.5: ಒಟ್ಟು 24 ಆಂಪ್. 16ರ ಎಂಸಿಬಿ ಬೀಳದೆ ಏನು ಮಾಡೀತು?

ಪರಿಹಾರ ಕೂಡ ಹಾಗೇ ಸೋವಿಯಿಂದ ಶುರುವಾಗಲಿ. ಗೀಸರ್ ಆರಿದ ಮೇಲೆ ಹೀಟರ್ ಹಾಕಿ. ಹೀಟರನ್ನು 1000ಕ್ಕೆ ಇಳಿಸಿ. ಹತ್ತು ಅಡಿ, ಹತ್ತು ಅಡಿಯ ಕೋಣೆಗೆ ಬಾಗಿಲು ಮುಚ್ಚಿದ್ದರೆ ಪುಣೆಯ ಚಳಿಗೆ ಅದು ಸಾಕು, ದಿಲ್ಲಿಯ ಚಳಿಯೇನಲ್ಲವಲ್ಲ. ಅದಕ್ಕೂ ಆಗದಿದ್ದರೆ ಏಸಿ ಪಾಯಿಂಟ್ ನೋಡಿ. ಚಳಿಗಾಲದಲ್ಲಿ ಏಸಿ ಮಲಗಿರುತ್ತದೆ, ಆದರೆ ಬೆಡ್‌ರೂಮಿನಲ್ಲೇ ಅತಿ ಗಟ್ಟಿ ದಾರಿ ಅದರದು: ಸಾಮಾನ್ಯವಾಗಿ 4 ಎಂಎಂ ವೈರ್, ತನ್ನದೇ ಎಂಸಿಬಿ. ತಲೆಗಿಂತ ಮೇಲಿರುವ ಆ ಪಾಯಿಂಟಿನಿಂದ ಕೆಳಗೆ ಮೊಣಕಾಲೆತ್ತರಕ್ಕೆ ಒಂದು 16 ಆಂಪ್ ಸಾಕೆಟ್ ಇಳಿಸಿಕೊಡಲು ವಾಯರ್‌ಮನ್‌ಗೆ ಅರ್ಧ ದಿನದ ಕೆಲಸವೂ ಅಲ್ಲ. ಏಸಿ, ಹೀಟರ್ ಎರಡನ್ನೂ ಒಟ್ಟಿಗೆ ಹಾಕುವ ದಿನ ಪುಣೆಯಲ್ಲಿ ಬರುವುದಿಲ್ಲ. ಆದರೂ ಏಸಿಯ ಪಾಯಿಂಟ್ 20 ಅಥವಾ 25 ಆಂಪಿನದಾಗಿದ್ದರೆ ಹೊಸ 16ರ ಸಾಕೆಟ್ಟಿಗೆ ತಕ್ಕ ಎಂಸಿಬಿ ಹಾಕಿಸಿ.

ಮಾಡಬಾರದ ಒಂದು ಕೆಲಸ: "ಪದೇ ಪದೇ ಬೀಳುತ್ತೆ, 10 ತೆಗೆದು 20 ಹಾಕಿಬಿಡಿ." ಎಂಸಿಬಿ ಕಾಯುವುದು ಹೀಟರನ್ನಲ್ಲ, ಗೋಡೆಯೊಳಗಿನ ವೈರನ್ನು. ದೀಪದ ದಾರಿಯಲ್ಲಿ 1 ಅಥವಾ 1.5 ಎಂಎಂ ವೈರ್ ಓಡಿರುತ್ತದೆ, 16 ಆಂಪ್ ಪಾಯಿಂಟಿಗೆ 2.5 ಎಂಎಂ. ಅಂಗಡಿಯಲ್ಲಿ ಎಂಎಂ ಎನ್ನುವುದು ಚದರ ಮಿಲಿಮೀಟರಿಗೆ. ಮರಾಠಿಯಲ್ಲಿ ಕೇಳುವುದಾದರೆ "ಅಡೀಚ್ ಎಂಎಂ". ಎಂಸಿಬಿ ದೊಡ್ಡದು ಮಾಡಿ ವೈರ್ ಹಳೆಯದೇ ಬಿಟ್ಟರೆ, ಮುಂದೆ ಬೀಳುವುದು ಎಂಸಿಬಿಯಲ್ಲ, ಪ್ಲಾಸ್ಟರಿನ ಹಿಂದೆ ಪಿವಿಸಿ ಕರಗುತ್ತದೆ.

ಸ್ವಿಚ್ ಒತ್ತಿದ ಕ್ಷಣವೇ ಟಪ್ ಎನ್ನುತ್ತದೆ

ಬಿದ್ದದ್ದು ಎಂಸಿಬಿ ಎಂದಾದರೆ ಶಾರ್ಟ್ ಇದೆ. ಹೀಟರ್ ಕಿತ್ತು ಎಂಸಿಬಿ ಒಮ್ಮೆ ಎತ್ತಿ. ನಿಂತರೆ ದೋಷ ಹೀಟರಿನದು: ಕೇಬಲ್ ಮಡಚಿದಲ್ಲಿ, ಮಂಚದ ಕಾಲಿನಡಿ ಸಿಕ್ಕಿದಲ್ಲಿ, ಪ್ಲಗ್ಗಿನ ಕುತ್ತಿಗೆಯಲ್ಲಿ ನೋಡಿ. ಹೀಟರ್ ಇಲ್ಲದೆಯೂ ನಿಲ್ಲದಿದ್ದರೆ ಗೋಡೆಯ ವೈರಿಂಗಿನದು. ಮತ್ತೆ ಮತ್ತೆ ಎತ್ತಿ ನೋಡಬೇಡಿ.

ಬಿದ್ದದ್ದು ಆರ್‌ಸಿಸಿಬಿ ಆದರೆ ಕಥೆ ಬೇರೆ. ಹೋದಷ್ಟು ಕರೆಂಟ್ ವಾಪಸು ಬರುತ್ತಿಲ್ಲ, ಎಲ್ಲೋ ಅರ್ಥಿಗೆ, ಅಂದರೆ ನೆಲಕ್ಕೆ ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಹೀಟರಿನ ಗುಂಡಿಯನ್ನು ಒಂದೊಂದೇ ಹೆಜ್ಜೆ ತಿರುಗಿಸಿ. ಬರೀ ಫ್ಯಾನಿಗೆ ಬೀಳದೆ, ಒಂದನೆಯದಕ್ಕೂ ಬೀಳದೆ, ಎರಡನೆಯದಕ್ಕೆ ಬಿದ್ದರೆ ಎರಡನೆಯ ಎಲಿಮೆಂಟ್, ಅಂದರೆ ಬಿಸಿ ಹುಟ್ಟಿಸುವ ಸುರುಳಿ, ಸೋರುತ್ತಿದೆ. ಓಎಫ್‌ಆರ್ ಮಳೆಗಾಲ ಪೂರ್ತಿ ಅಟ್ಟದಲ್ಲಿದ್ದು ಮೊದಲ ದಿನವೇ ಬೀಳಿಸಿದರೆ ಆಶ್ಚರ್ಯಪಡಬೇಡಿ: ಅದರ ಎಲಿಮೆಂಟಿನೊಳಗಿನ ಬಿಳಿ ಪುಡಿ, ಮೆಗ್ನೀಷಿಯಂ ಆಕ್ಸೈಡ್, ಗಾಳಿಯ ತೇವ ಹೀರುತ್ತದೆ. ಎರಡು ಮೂರು ದಿನ ಒಳ್ಳೆಯ ಬಿಸಿಲಿಗಿಟ್ಟು ನೋಡಿ. ಆಮೇಲೂ ಬಿದ್ದರೆ ಸರ್ವಿಸ್ ಸೆಂಟರಿನಲ್ಲಿ 500 ವೋಲ್ಟಿನ ಮೆಗರ್, ಅಂದರೆ ಸೋರಿಕೆ ಅಳೆಯುವ ಮೀಟರ್, ಹಚ್ಚಿ ನೋಡಲಿ. ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ಹಾಕಿ "ಒಣಗಿಸುವ" ಉಪಾಯ ಹೇಳುವವರಿದ್ದಾರೆ; ಒದ್ದೆ ಹೀಟರಿನ ಮೈಗೆ ಕರೆಂಟ್ ಕೊಟ್ಟು ಅದನ್ನು ಕಾಯುವವರಿಲ್ಲದಂತೆ ಮಾಡುವುದು ಅದು.

ಹೀಟರ್ ಮಾತ್ರವಲ್ಲ, ಇಸ್ತ್ರಿ ಹಾಕಿದರೂ ಕೆಟಲ್ ಹಾಕಿದರೂ ಆರ್‌ಸಿಸಿಬಿ ಬೀಳುತ್ತದೆ, ದೀಪ-ಫ್ಯಾನಿಗೆ ಬೀಳುವುದಿಲ್ಲ ಎಂದಾದರೆ ಹೀಟರಿನ ಮೇಲೆ ಗೂಬೆ ಕೂರಿಸಬೇಡಿ. ಯಾವುದೋ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಅರ್ಥ್ ವೈರಿಗೆ ತಾಗಿದೆ. ಲೋಡ್ ಸಣ್ಣದಿದ್ದಾಗ ಸೋರುವುದೂ ಸಣ್ಣದು, ದೊಡ್ಡದಾದಾಗ 30 ಮಿಲಿ ಆಂಪ್ ದಾಟುತ್ತದೆ. ಇದನ್ನು ಹುಡುಕಲು ಬೋರ್ಡುಗಳನ್ನು ಒಂದೊಂದೇ ಬೇರ್ಪಡಿಸಬೇಕು, ವಾಯರ್‌ಮನ್‌ನ ಕೆಲಸ.

ಪ್ಲಗ್ ಬಿಸಿ, ಪ್ಲೇಟಿನ ಮೇಲೆ ಕಂದು ಕಲೆ, ಎಂತಹದೋ ವಾಸನೆ

ಇಲ್ಲಿ ನಿಧಾನವಾಗಿ ಹೋಗೋಣ. ಬೆಂಕಿಗೆ ಅತಿ ಹತ್ತಿರದ ದೋಷ ಇದೇ, ಮತ್ತು ಡಿಬಿಯಲ್ಲಿರುವ ಯಾವ ಉಪಕರಣಕ್ಕೂ ಇದು ಕಾಣುವುದಿಲ್ಲ.

ಲೆಕ್ಕ ನೋಡಿ. ಹೀಟರ್ 8.7 ಆಂಪ್ ಎಳೆಯುತ್ತಿದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸಡಿಲವಾಗಿ, ಪಿನ್ನಿಗೂ ಅದಕ್ಕೂ ನಡುವೆ ಬರೀ 0.3 ಓಮ್ ತಡೆ ಹುಟ್ಟಿದೆ ಎನ್ನಿ. ಅಲ್ಲಿ ಹುಟ್ಟುವ ಬಿಸಿ ಸುಮಾರು 23 ವಾಟ್. ರೇಡಿಯೋ ರಿಪೇರಿ ಮಾಡುವವರ ಸೋಲ್ಡರಿಂಗ್ ಐರನ್ 25 ವಾಟಿನದು, ಅದು ತವರವನ್ನು ನೀರಾಗಿಸುತ್ತದೆ. ಹೆಚ್ಚು ಕಡಿಮೆ ಅಂಥದೊಂದು ಐರನ್ ನಿಮ್ಮ ಮಂಚದ ತಲೆದಿಂಬಿನ ಹಿಂದೆ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ರಾತ್ರಿಯೆಲ್ಲ ಉರಿಯುತ್ತಿದೆ. ಎಂಸಿಬಿಗೆ ಕಾಣುವುದು ಅದೇ 8.7 ಆಂಪ್, ಅದು ಬೀಳಲು ಕಾರಣವೇ ಇಲ್ಲ. ಅರ್ಥಿಗೆ ಏನೂ ಸೋರುತ್ತಿಲ್ಲ, ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಬಿಸಿಗೆ ಹಿತ್ತಾಳೆಯ ಬಿಗಿ ಇನ್ನಷ್ಟು ಸಡಿಲವಾಗುತ್ತದೆ, ಮೇಲೆ ಕಪ್ಪು ಕಟ್ಟುತ್ತದೆ, ತಡೆ ಇನ್ನಷ್ಟು ಹೆಚ್ಚುತ್ತದೆ.

ವಾಸನೆಯನ್ನು ಗುರುತು ಹಿಡಿಯಿರಿ. ಸ್ವಿಚ್, ಪ್ಲಗ್ಗುಗಳ ಗಟ್ಟಿ ಪ್ಲಾಸ್ಟಿಕ್ ಬೇಯುವಾಗ ಹೊಗೆಗಿಂತ ಮೊದಲು ಹಳಸಿದ ಮೀನಿನಂಥ ವಾಸನೆ ಬರುವುದುಂಟು. ಮುಂಬಯಿ, ಗೋವಾಗಳಲ್ಲಿ ಇದನ್ನು ಪಕ್ಕದ ಮನೆಯ ಅಡುಗೆ ಎಂದುಕೊಂಡು ಕಿಟಕಿ ಹಾಕಿಕೊಳ್ಳುವವರೂ ಇರಬಹುದು.

ಪರೀಕ್ಷೆ ಹೀಗೆ. ಹೀಟರನ್ನು ಅರ್ಧ ಗಂಟೆ ಓಡಿಸಿ, ಪಕ್ಕದಲ್ಲೇ ಇರಿ. ಮೊದಲು ಹೀಟರಿನ ಗುಂಡಿ ಆರಿಸಿ, ಆಮೇಲೆ ಗೋಡೆಯ ಸ್ವಿಚ್, ಆಮೇಲೆ ಪ್ಲಗ್ ಪೂರ್ತಿ ಹೊರಗೆ. ಅಂಗೈ ಬೇಡ, ಬೆರಳಿನ ಹಿಂಬದಿಯಿಂದ ಪ್ಲಗ್ಗಿನ ಮೈ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಐದು ಸೆಕೆಂಡ್ ಹಿಡಿದಿರಲಾಗದಿದ್ದರೆ ಆ ಪಾಯಿಂಟಿನಲ್ಲಿ ಹೀಟರ್ ಇಂದಿಗೆ ಮುಗಿಯಿತು. ಪಿನ್ನುಗಳನ್ನು ಕಣ್ಣಿನಿಂದಲೇ ನೋಡಿ, ಅವು ಇನ್ನೂ ಕಾದಿರಬಹುದು.

ಸುಟ್ಟ ಪ್ಲಗ್ಗೊಂದನ್ನು ಬೆಳಕಿಗೆ ಹಿಡಿದರೆ ಕಾಣುವುದು ಇಷ್ಟು: ಮೂರರಲ್ಲಿ ಎರಡು ಪಿನ್ ಹಿತ್ತಾಳೆಯ ಹೊಳಪಿನಲ್ಲೇ ಇವೆ, ಒಂದು ಮಾತ್ರ ನವಿಲುಗರಿಯಂತೆ ನೀಲಿ-ಕಂದು ತಿರುಗಿದೆ. ಅದರ ಬುಡದ ಪ್ಲಾಸ್ಟಿಕ್ ಬಿಸಿಗೆ ಕುಸಿದು, ಕರಗಿ ಆರಿದ ಬೆಲ್ಲದ ಹಾಗೆ ಒಳಕ್ಕೆ ಜಗ್ಗಿದೆ. ಆ ಒಂದು ಪಿನ್ನೇ ಎಲ್ಲವನ್ನೂ ಹೇಳುತ್ತದೆ. ಒಂದೇ ಪಿನ್ ಬಣ್ಣ ತಿರುಗಿದ್ದರೆ ಆ ಬದಿಯ ಹಿಡಿ ಅಥವಾ ಅದರ ಹಿಂದಿನ ಸ್ಕ್ರೂ ಸಡಿಲ. ಲೈನ್, ನ್ಯೂಟ್ರಲ್ ಎರಡೂ ಸಮನಾಗಿ ಕಾದಿದ್ದರೆ ಸಾಕೆಟ್ಟಿನ ದರ್ಜೆಯೇ ಸಾಲದು. ಕನ್ವರ್ಟರ್ ಪ್ಲಗ್ ಸಿಕ್ಕಿಸಿದ್ದೀರೋ ನೋಡಿ. ಪ್ಲಗ್ ತಣ್ಣಗಿದ್ದು ಅದರ ಕುತ್ತಿಗೆಯ ಕೇಬಲ್ ಬಿಸಿಯಾದರೆ ಒಳಗೆ ಎಳೆಗಳು ತುಂಡಾಗಿವೆ. ಸಾಕೆಟ್ ತಣ್ಣಗಿದ್ದು ಪಕ್ಕದ ಸ್ವಿಚ್ ಬಿಸಿಯೇ? 16 ಆಂಪ್ ಸಾಕೆಟ್ಟಿಗೆ 6 ಆಂಪಿನ ಸ್ವಿಚ್ ಜೋಡಿಸಿದ್ದಾರೆ, ಮಾಡ್ಯುಲರ್ ಬೋರ್ಡುಗಳಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಈ ತಪ್ಪು ಸಲೀಸಾಗಿ ಆಗುತ್ತದೆ. ಪಿನ್ನುಗಳ ಮೇಲೆ ಹಸಿರು ಪಾಚಿಯಂಥದು ಕಟ್ಟಿದ್ದರೆ ಅದು ಕಡಲ ಗಾಳಿಯ ಕೊಡುಗೆ. ಪಣಜಿ, ಮುಂಬಯಿಯಿಂದ ಪುಣೆಗೆ ವರ್ಗವಾಗಿ ಬಂದವರ ಸಾಮಾನಿನಲ್ಲಿ ನೋಡಬಹುದು.

ರಿಪೇರಿ ಮಾಡುವಾಗ ಸಾಕೆಟ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿ. ಕಪ್ಪಾದ ಹಳೆ ಪಿನ್ ಹೊಸ ಸಾಕೆಟ್ಟಿನ ಹಿಡಿಯನ್ನು ಕೆಲವೇ ದಿನದಲ್ಲಿ ತನ್ನ ಹಾಗೇ ಮಾಡಿಬಿಡುತ್ತದೆ. ವಾಯರ್‌ಮನ್ ಸುಟ್ಟ ವೈರಿನ ತುದಿಯನ್ನೇ ಕೆರೆದು ಮತ್ತೆ ಸಿಕ್ಕಿಸಲು ಹೊರಟರೆ ತಡೆಯಿರಿ. ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ ಹೊಸದಾಗಿ ಸುಲಿಯಬೇಕು. ಎಳೆಗಳ ತುದಿಗೆ ತವರ ಹಚ್ಚಿ ಸ್ಕ್ರೂ ಬಿಗಿದರೆ ನೋಡಲು ಅಚ್ಚುಕಟ್ಟು, ಆದರೆ ತವರ ಮೆತ್ತಗಿನದು, ಒತ್ತಡಕ್ಕೆ ಹರಿದು ಕೆಲ ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಬರೀ ತಾಮ್ರವನ್ನೇ ಹೊಸೆದು ಬಿಗಿಯುವುದು ಸರಿ.

ಎಕ್ಸ್‌ಟೆನ್ಷನ್ ಬೋರ್ಡಿನ ಪ್ರಶ್ನೆ ಬಂದೇ ಬರುತ್ತದೆ. ಟಿವಿ, ಕಂಪ್ಯೂಟರಿಗೆ ಕೊಂಡ ಸ್ಪೈಕ್ ಗಾರ್ಡ್ ಹೀಟರಿಗಲ್ಲ, ಎಷ್ಟೇ ದುಬಾರಿಯದಾದರೂ. ಬೇರೆ ದಾರಿಯೇ ಇಲ್ಲದಿದ್ದರೆ 16 ಆಂಪ್ ಪ್ಲಗ್, 16 ಆಂಪಿನ ಒಂದೇ ಸಾಕೆಟ್, ಮೂರು ಕೋರಿನ ಕನಿಷ್ಠ 1.5 ಎಂಎಂ ತಾಮ್ರದ ಕೇಬಲ್, ಉದ್ದ ಐದು ಮೀಟರಿನೊಳಗೆ. ಪೂರ್ತಿ ಬಿಚ್ಚಿ ಹಾಸಿ. ಸುರುಳಿ ಸುತ್ತಿಟ್ಟ ಕೇಬಲ್ ತನ್ನ ಬಿಸಿಯಲ್ಲೇ ಬೇಯುತ್ತದೆ. ಚಾಪೆ, ಜಮಖಾನೆಯ ಅಡಿಯಲ್ಲಿ ಎಳೆಯಬೇಡಿ.

ಹೀಟರ್ ಹಾಕಿದರೆ ದೀಪ ಮಂಕಾಗುತ್ತದೆ

ಒಮ್ಮೆ ಮಿಣುಕಿ ಸರಿಹೋದರೆ ಅಂಜಬೇಕಿಲ್ಲ. ಮಂಕು ಹಾಗೇ ಉಳಿದರೆ ಎಲ್ಲೆಲ್ಲಿ ಎಂದು ನೋಡಿ. ಒಂದೇ ಕೋಣೆಯದಾದರೆ ಆ ದಾರಿಯ ಯಾವುದೋ ಜಾಯಿಂಟ್ ಸಡಿಲ. ಇಡೀ ಮನೆಯದಾದರೆ ಮೇನ್ ಸ್ವಿಚ್ ಅಥವಾ ಕೆಳಗೆ ಮೀಟರ್ ರೂಮಿನ ಸಂಪರ್ಕ. ಪಕ್ಕದ ಮನೆಯವರಿಗೂ ಮಂಕಾದರೆ ಸಪ್ಲೈಯೇ ಇಳಿದಿದೆ. ಆಗ ಹೀಟರೂ ಸೋಮಾರಿಯಾಗುತ್ತದೆ: 200 ವೋಲ್ಟಿಗೆ 2000 ವಾಟಿನ ಹೀಟರ್ ಕೊಡುವುದು ಸುಮಾರು 1500 ವಾಟ್ ಅಷ್ಟೆ. "ಹೀಟರ್ ಹಳೆಯದಾಯಿತು" ಎಂದು ಹೊಸದು ತರುವ ಮೊದಲು ವೋಲ್ಟೇಜ್ ನೋಡಿಸಿ.

ಕೆಲವು ದೀಪ ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ, ಫ್ಯಾನ್ ಇದ್ದಕ್ಕಿದ್ದಂತೆ ಜೋರಾದರೆ, ಯೋಚಿಸುತ್ತ ನಿಲ್ಲಬೇಡಿ, ಮೇನ್ ಇಳಿಸಿ. ಕಟ್ಟಡದ ನ್ಯೂಟ್ರಲ್ ಕಡಿದಿರಬಹುದು. ಮೂರು ಫೇಸಿನ ಕಟ್ಟಡದಲ್ಲಿ ಹಾಗಾದಾಗ 230ರ ಬದಲು 400 ವೋಲ್ಟಿನ ಹತ್ತಿರ ಹತ್ತಿರ ನಿಮ್ಮ ಫ್ರಿಜ್ಜಿಗೆ ಹೋಗಬಹುದು. ಸೊಸೈಟಿಯ ವಾಯರ್‌ಮನ್‌ಗೆ "ನ್ಯೂಟ್ರಲ್ ಲೂಜ್ ಆಹೇ ಕಾ ಬಘಾ" (ನ್ಯೂಟ್ರಲ್ ಸಡಿಲವಿದೆಯೇ ನೋಡಿ) ಎಂದರೆ ಅವನು ನೇರ ಮೀಟರ್ ರೂಮಿಗೆ ಓಡುತ್ತಾನೆ. ಸೀಲ್ ಹಾಕಿದ ಮೀಟರಿನ ಟರ್ಮಿನಲ್ ಮಾತ್ರ ಅವನೂ ಮುಟ್ಟುವಂತಿಲ್ಲ. ಪುಣೆಯಲ್ಲಿ ಅದು ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಕೆಲಸ, ದೂರಿನ ಸಂಖ್ಯೆ 1912. ಮುಂಬಯಿಯಲ್ಲಿ ನಿಮ್ಮ ಬಿಲ್ಲಿನ ಮೇಲೆ ಬೆಸ್ಟ್, ಅದಾನಿ, ಟಾಟಾ ಯಾರ ಹೆಸರಿದೆಯೋ ಅವರದು. ಗೋವಾದಲ್ಲಿ ಸರ್ಕಾರದ ವಿದ್ಯುತ್ ಇಲಾಖೆ.

ಹೀಟರ್ ತಾನೇ ಕಾಟ ಕೊಡುತ್ತಿದೆ

ಋತುವಿನ ಮೊದಲ ದಿನ ಹತ್ತು ನಿಮಿಷ ಧೂಳು ಸುಟ್ಟ ವಾಸನೆ ಬರುವುದು ಸಹಜ. ಕಿಟಕಿ ತೆಗೆದಿಟ್ಟು ಎದುರಿಗೇ ಇದ್ದು ಓಡಿಸಿ. ರಬ್ಬರ್, ಪ್ಲಾಸ್ಟಿಕ್ ವಾಸನೆ ಸಹಜವಲ್ಲ.

ಬ್ಲೋವರ್ ಹೀಟರ್ ಐದು ನಿಮಿಷ ಓಡಿ ನಿಂತು, ಸ್ವಲ್ಪ ಆರಿ, ಮತ್ತೆ ಶುರುವಾದರೆ ಹೀಟರಿಗೆ ಉಸಿರುಗಟ್ಟುತ್ತಿದೆ ಎಂದು ಅದರೊಳಗಿನ ಥರ್ಮಲ್ ಕಟ್-ಔಟ್, ಅಂದರೆ ಬಿಸಿ ಅತಿಯಾದರೆ ಕರೆಂಟ್ ಕಡಿಯುವ ಸ್ವಿಚ್, ಹೇಳುತ್ತಿದೆ. ಹಿಂದಿನ ಜಾಲರಿ ಗೋಡೆಗೋ ಪರದೆಗೋ ತಾಗಿದೆಯೇ ನೋಡಿ, ಒಂದಡಿ ಮುಂದಕ್ಕೆ ಎಳೆಯಿರಿ. ಪ್ಲಗ್ ಕಿತ್ತು ಆರಿದ ಮೇಲೆ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ, ನೀರು ಬೇಡ. ಗಾಳಿ ಕಡಿಮೆಯಾಗಿ ಸುರುಳಿ ಕೆಂಡದಂತೆ ಕೆಂಪಾದರೆ ಫ್ಯಾನಿನ ಬುಶ್, ಅಂದರೆ ಅದರ ಅಚ್ಚು ಕೂತು ತಿರುಗುವ ಬಳೆ, ಒಣಗಿದೆ, ಆ ಕ್ಷಣ ಆರಿಸಿ. ಕಟ್-ಔಟನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವ ರಿಪೇರಿಯವನ ಹತ್ತಿರ ಹೀಟರ್ ಬಿಡಬೇಡಿ.

ಪೂರ್ತಿ ಸತ್ತಿದೆಯೇ? ಅದೇ ಪಾಯಿಂಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ, ಎಷ್ಟೋ ಸಲ ಸತ್ತದ್ದು ಪಾಯಿಂಟ್. ಬ್ಲೋವರಿನ ತಳದ ಟಿಲ್ಟ್ ಸ್ವಿಚ್ ಎಂಬ ಪುಟ್ಟ ಗುಂಡಿ ಸಮನೆಲದ ಮೇಲಿದ್ದರಷ್ಟೇ ಒತ್ತಿಕೊಳ್ಳುತ್ತದೆ. ಜಮಖಾನೆಯ ಮೇಲಿಟ್ಟಿದ್ದರೆ ತೆಗೆದು ನೆಲಕ್ಕಿಡಿ. ಮಲ್ಟಿಮೀಟರ್ ಇದ್ದರೆ, ಪ್ಲಗ್ ಹೊರಗಿಟ್ಟು, ಥರ್ಮೋಸ್ಟಾಟ್ ಪೂರ್ತಿ ತಿರುಗಿಸಿ, ಲೈನ್-ನ್ಯೂಟ್ರಲ್ ಪಿನ್ನಿನ ನಡುವೆ ಅಳೆಯಿರಿ. 2000ಕ್ಕಿಟ್ಟಾಗ ಸುಮಾರು 26 ಓಮ್, 1000ಕ್ಕಿಟ್ಟಾಗ 53 ಬರಬೇಕು. ಏನೂ ತೋರಿಸದಿದ್ದರೆ ಎಲಿಮೆಂಟ್ ಅಥವಾ ಥರ್ಮಲ್ ಫ್ಯೂಸ್ ಹೋಗಿದೆ. ಹ್ಯಾಲೊಜನ್ ರಾಡ್ ತಣ್ಣಗಿದ್ದಾಗ ತೀರ ಕಡಿಮೆ ತೋರಿಸುತ್ತದೆ, ಅದನ್ನು ಶಾರ್ಟ್ ಎಂದುಕೊಳ್ಳಬೇಡಿ.

ಓಎಫ್‌ಆರ್ ಶುರುವಿನಲ್ಲಿ ಟಿಕ್ ಟಿಕ್ ಎನ್ನುವುದು ಲೋಹ ಹಿಗ್ಗುವ ಸದ್ದು. ಎಣ್ಣೆಯ ಜಿನುಗು ಕಂಡರೆ ಮಾತ್ರ ಅದು ಗುಜರಿಗೆ. ಅಡ್ಡ ಮಲಗಿಸಿಟ್ಟಿದ್ದರೆ ನೆಟ್ಟಗೆ ನಿಲ್ಲಿಸಿ ಒಂದು ಗಂಟೆ ಬಿಟ್ಟು ಹಾಕಿ, ಎಣ್ಣೆ ಎಲಿಮೆಂಟಿನ ಮೇಲೆ ಕೂರಲಿ.

ಮೈ ಮುಟ್ಟಿದರೆ ಜುಮ್ ಎನ್ನುತ್ತದೆ

"ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗಲ್ಲ" ಎಂಬುದು ಪರಿಹಾರವಲ್ಲ. ಹೀಟರ್ ಸೋರುತ್ತಿದೆ, ಜೊತೆಗೆ ನಿಮ್ಮ ಅರ್ಥ್ ಕೂಡ ಸತ್ತಿದೆ. ಎರಡೂ ಸೇರಿದರೆ ಮಾತ್ರ ಜುಮ್ ಎನ್ನುವುದು. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಮೇಲಿನದರ ಹಿಂದೆ ವೈರೇ ಇರುವುದಿಲ್ಲ. ನಿಯಾನ್ ಟೆಸ್ಟರಿಗೆ ಇದು ತಿಳಿಯದು. ವಾಯರ್‌ಮನ್ ಮೀಟರ್ ಹಚ್ಚಿ ಲೈನ್-ಅರ್ಥ್ ನಡುವೆ ನೋಡಲಿ: 230ರ ಆಸುಪಾಸು ಬಂದರೆ ಅರ್ಥ್ ತಂತಿ ಇದೆ ಎಂದಾಯಿತು, 60, 90 ಎಂದು ತೇಲಾಡಿದರೆ ಇಲ್ಲ. ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಕೂಡದು.

ಎಳೆಕೂಸಿನ ಸ್ನಾನಕ್ಕೆ ಬಾತ್‌ರೂಮ್ ಬೆಚ್ಚಗೆ ಮಾಡಲು ಹೀಟರ್ ಒಳಗೆ ಒಯ್ಯುವ ರೂಢಿ ಇದೆ. ಒದ್ದೆ ನೆಲ, ಒದ್ದೆ ಕೈ, ಬಾಗಿಲ ಸಂದಿಯಲ್ಲಿ ಜಜ್ಜಿದ ಕೇಬಲ್. ಹೊರಗಿನ ಕೋಣೆಯನ್ನು ಬೆಚ್ಚಗೆ ಮಾಡಿ ಅಲ್ಲೇ ಟಬ್ಬಿನಲ್ಲಿ ಮೀಯಿಸಿ, ಹೀಟರ್ ಆರಿಸಿ ಪ್ಲಗ್ ಕಿತ್ತ ಮೇಲೆ.

ಪೇಠೆಯ ಹಳೆ ವಾಡೆ, ಮುಂಬಯಿಯ ಚಾಳು: ಕಿಟ್‌ಕ್ಯಾಟ್ ಫ್ಯೂಸಿನ ಮನೆಗಳು

ಸದಾಶಿವ ಪೇಠೆ, ಕಸಬಾ ಪೇಠೆಯ ಕೆಲವು ಮನೆಗಳಲ್ಲಿ ಇಂದಿಗೂ ಮರದ ಪಟ್ಟಿಯೊಳಗಿನ ವೈರಿಂಗ್, ಕಿಟ್‌ಕ್ಯಾಟ್ ಎನ್ನುವ ಪಿಂಗಾಣಿಯ ಫ್ಯೂಸ್. ಅಲ್ಲಿ ಫ್ಯೂಸ್ ತಂತಿಯ ಬದಲು ಯಾರೋ ಎಂದೋ ಕಟ್ಟಿದ ದಪ್ಪ ತಾಮ್ರದ ಎಳೆ ಇದ್ದರೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ಕಾವಲುಗಾರನೇ ಇಲ್ಲ. ವೈರ್ ಅಲ್ಯೂಮಿನಿಯಮ್ಮಿನದಾದರೆ ಪ್ರತಿ ಜಾಯಿಂಟೂ ಶಂಕಿತ. ಇಂಥ ಮನೆಯಲ್ಲಿ 400 ವಾಟಿನ ಒಂದು ರಾಡಿಗಿಂತ ಹೆಚ್ಚು ಬೇಡ, ಅದೂ ಎಚ್ಚರ ಇರುವಷ್ಟು ಹೊತ್ತು. ಒಳ್ಳೆಯ ರಜಾಯಿ ಅಗ್ಗ. ಇದ್ದಿಲಿನ ಶೇಗಡಿ ಮಾತ್ರ ಮುಚ್ಚಿದ ಕೋಣೆಗೆ ತರಬೇಡಿ. ಅದರ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಮನೆಯ ಒಟ್ಟು ಲೋಡ್ ಎಷ್ಟು ಎಂದು ಮೀಟರಿನಿಂದಲೇ ತಿಳಿಯುವುದು

ಮೀಟರಿನ ಮುಖದ ಮೇಲೆ ಕೆಂಪು ದೀಪ ಮಿನುಗುತ್ತದೆ, ಪಕ್ಕದಲ್ಲಿ ಯೂನಿಟ್ಟಿಗೆ 3200 ಅಥವಾ 1600 ಎಂಬಂಥ ಅಂಕಿ ಇರುತ್ತದೆ. ಒಂದು ನಿಮಿಷದ ಮಿನುಗು ಎಣಿಸಿ, 60,000ದಿಂದ ಗುಣಿಸಿ, ಆ ಅಂಕಿಯಿಂದ ಭಾಗಿಸಿದರೆ ಬರುವುದು ವಾಟ್. 3200ರ ಮೀಟರಿನಲ್ಲಿ ಬರೀ 2000 ವಾಟಿನ ಹೀಟರ್ ಓಡುತ್ತಿದ್ದರೆ ನಿಮಿಷಕ್ಕೆ ಸುಮಾರು 107 ಮಿನುಗು, 1600ರದರಲ್ಲಿ 53. ಕಣ್ಣಿಗೆ ಹಿಡಿಯದಿದ್ದರೆ ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಎಣಿಸಿ. ಬೆಳಿಗ್ಗೆ ಎಲ್ಲವೂ ಉರಿಯುವ ಹೊತ್ತಿಗೆ ಒಮ್ಮೆ ಎಣಿಸಿ, ಬಿಲ್ಲಿನಲ್ಲಿ "ಮಂಜೂರ್ ಭಾರ" (ನಿಮಗೆ ಮಂಜೂರಾದ ಲೋಡ್) ಎಂದಿರುವ ಕಿಲೋವಾಟಿನ ಜೊತೆ ಹೋಲಿಸಿ. ಮೀರುತ್ತಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಹಾಕುವುದು ಕ್ರಮ.

ಕೈಬಿಟ್ಟು ಕರೆಯಬೇಕಾದ ಹೊತ್ತು

ಗೋಡೆಯೇ ಬಿಸಿಯಾದರೆ, ಬೋರ್ಡಿನೊಳಗೆ ಚಟಪಟ ಸದ್ದು ಬಂದರೆ, ಡಿಬಿಯಲ್ಲಿ ವಾಸನೆ ಇದ್ದರೆ ಮೇನ್ ಇಳಿಸಿ ಲೈಸೆನ್ಸ್ ಇರುವ ವಾಯರ್‌ಮನ್‌ನನ್ನು ಕರೆಯಿರಿ. ಡಿಬಿಯ ಸ್ಕ್ರೂ ಹಾಕಿದ ಒಳಮುಚ್ಚಳ ನೀವು ಬಿಚ್ಚಬೇಡಿ; ಮೇನ್ ಇಳಿಸಿದರೂ ಅದರ ಮೇಲ್ತುದಿಗೆ ಬರುವ ವೈರ್ ಜೀವಂತವೇ ಇರುತ್ತದೆ. ಹೊಗೆ, ಜ್ವಾಲೆ ಕಂಡರೆ ಮೇನ್ ಆರಿಸಿ. ನೀರು ಹಾಕಬೇಡಿ, ಸೊಸೈಟಿಯ ಮೆಟ್ಟಿಲ ಬಳಿಯ ಒಣ ಪುಡಿಯ ಅಗ್ನಿಶಾಮಕ ತನ್ನಿ. ಒಂದೇ ಸಿಂಪಡಿಕೆಗೆ ಅಡಗದಿದ್ದರೆ ಬಾಗಿಲೆಳೆದುಕೊಂಡು ಹೊರಗೆ ಬನ್ನಿ, 101ಕ್ಕೆ ಫೋನ್ ಮಾಡಿ.

ವಾಯರ್‌ಮನ್ ಬಂದು ಸಾಕೆಟ್ ಬದಲಿಸಿ "ಝಾಲಂ" (ಆಯಿತು) ಎಂದಾಗ ಅವನಿಗೊಂದು ಚಹಾ ಕೊಟ್ಟು ಕೂರಿಸಿ. ಹಾಸಿಗೆ, ಪರದೆ, ಸೊಳ್ಳೆಪರದೆಯಿಂದ ಮೂರಡಿ ದೂರದಲ್ಲಿ ಹೀಟರಿಟ್ಟು ಪೂರ್ತಿ 2000ಕ್ಕೆ ಹಾಕಿ. ಅರ್ಧ ಗಂಟೆಯ ಮೇಲೆ ಆರಿಸಿ, ಪ್ಲಗ್ ಕಿತ್ತು, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಹಣ ಕೊಡಿ.